ಬೆನ್ನ ಹಿಂದಿನ ಬಾಸ್

ಪ್ರಶ್ನೆ: ಕಾರಿನ ಮುಂಬಾಗಿಲುಗಳಿಗೆ ಆರೂವರೆ ಇಂಚಿನ ಸ್ಪೀಕರ್, ಡಿಕ್ಕಿಗೆ ಹತ್ತು ಇಂಚಿನ ಸಬ್‌ವೂಫರ್ ಹಾಕಿಸಿದ್ದೇನೆ. ಆಂಪ್ಲಿಫೈಯರ್‌ನಲ್ಲಿ ಹೈಪಾಸ್ 50 ಹರ್ಟ್ಸ್, ಲೋಪಾಸ್ 120 ಹರ್ಟ್ಸ್. ವಾಲ್ಯೂಮ್ ಏರಿಸಿದರೆ ಬಾಗಿಲು ಗಡಗಡ ಎನ್ನುತ್ತದೆ, ಗಾಯಕನ ದನಿ ಡಬ್ಬದೊಳಗಿಂದ ಬಂದಂತಿದೆ, ಬಾಸ್ ಬೆನ್ನ ಹಿಂದಿನಿಂದ ಕೇಳುತ್ತದೆ. ಸ್ಪೀಕರ್ ಬದಲಿಸಲೇ?

ಉತ್ತರ: ಬೇಡ, ಖಂಡಿತ ಬೇಡ. ಮೊದಲು ಆ ಎರಡು ಅಂಕಿಗಳನ್ನು ಸರಿಮಾಡೋಣ. ಹೈಪಾಸ್ ತನ್ನ ಅಂಕಿಯ ಮೇಲಿನ ಸದ್ದನ್ನು ಮಾತ್ರ ಬಾಗಿಲಿನ ಸ್ಪೀಕರಿಗೆ ಬಿಡುತ್ತದೆ, ಲೋಪಾಸ್ ಕೆಳಗಿನದನ್ನು ಮಾತ್ರ ಡಿಕ್ಕಿಯ ಸಬ್‌ವೂಫರಿಗೆ. ಈಗ 50ರಿಂದ 120 ಹರ್ಟ್ಸ್‌ವರೆಗಿನದನ್ನು ಬಾಗಿಲೂ ನುಡಿಸುತ್ತಿದೆ, ಡಿಕ್ಕಿಯೂ ನುಡಿಸುತ್ತಿದೆ. ಗಂಡುದನಿಯ ಬುಡ ಇರುವುದೇ 100ರ ಆಸುಪಾಸಿನಲ್ಲಿ. ದನಿ ದಪ್ಪಗಾಗದೆ ಇನ್ನೇನಾದೀತು?

ಎರಡನ್ನೂ 80ಕ್ಕೆ ತನ್ನಿ. ಸ್ಲೋಪ್ (ಗಡಿಯಾಚೆಯ ಸದ್ದು ಎಷ್ಟು ಕಡಿದಾಗಿ ಇಳಿಯಬೇಕೆಂಬುದು) ಆಯ್ಕೆ ಇದ್ದರೆ ಆಕ್ಟೇವಿಗೆ, ಅಂದರೆ ಹರ್ಟ್ಸ್ ಇಮ್ಮಡಿ ಇಲ್ಲವೇ ಅರ್ಧ ಆಗುವಷ್ಟು ಅಂತರಕ್ಕೆ, 24 ಡೆಸಿಬಲ್ ಇಡಿ. 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನದೆಂದು ಕಿವಿ ಸುಲಭವಾಗಿ ಹಿಡಿಯಲಾರದು. ಹಾಗಾಗಿ ಸಬ್ ಡಿಕ್ಕಿಯಲ್ಲಿದ್ದರೂ ಬಾಸ್ ಎದುರಿನಿಂದಲೇ ಬಂದಂತಾಗುತ್ತದೆ. ಬಾಗಿಲಿನ ಸ್ಪೀಕರಿಗೂ ದೊಡ್ಡ ಬಿಡುಗಡೆ. ಅಷ್ಟೇ ಜೋರಾಗಿ 80ರ ಬದಲು 40 ಹರ್ಟ್ಸ್ ನುಡಿಸಬೇಕಾದರೆ ಸ್ಪೀಕರಿನ ಕೋನ್ (ಸದ್ದು ಹೊರಡಿಸಲು ಅಲುಗುವ ಭಾಗ) ನಾಲ್ಕು ಪಟ್ಟು ಹೆಚ್ಚು ಆಚೀಚೆ ಆಡಬೇಕು. ಆರೂವರೆ ಇಂಚಿನ ಕೋನಿಗೆ ಅದು ಹಿಂಸೆ. ಆಮೇಲೂ ಗಡಗಡ ಉಳಿದರೆ ಬಾಗಿಲಿನ ಪ್ಯಾನೆಲ್ ಕ್ಲಿಪ್ ಸಡಿಲವಾಗಿದೆಯೇ ನೋಡಿಸಿ.

ಇನ್ನೊಂದು ಮಾತು. ಸ್ಟೀರಿಯೊದ ಮೆನುವಿನಲ್ಲೂ ಕ್ರಾಸ್‌ಓವರ್, ಅಂದರೆ ಇಂಥದೇ ಹೈಪಾಸ್-ಲೋಪಾಸ್ ಜೋಡಿ, ಇರಬಹುದು. ನನ್ನ ಕಾರಿನಲ್ಲಿ ಅದೂ ಆಂಪ್ಲಿಫೈಯರಿನದೂ ಎರಡೂ ಆನ್ ಆಗಿದ್ದವು. 80ರ ಹತ್ತಿರ ಹಳ್ಳ ಬಿದ್ದ ಹಾಗೆ ಸದ್ದು ತೆಳುವಾಗಿತ್ತು. ಕಾರಣ ತಿಳಿಯದೆ ತಿಂಗಳುಗಟ್ಟಲೆ ಆಂಪ್ಲಿಫೈಯರಿನ ಗೇನ್ (ಸದ್ದಿನ ಮಟ್ಟ) ತಿರುಗಿಸಿದೆ. ಒಂದನ್ನು ಆಫ್ ಮಾಡಿದ ದಿನ ಹಾಡಿಗೆ ಮೈ ಬಂತು. ನಾನು ಸ್ಟೀರಿಯೊದ್ದನ್ನೇ ಉಳಿಸಿಕೊಂಡೆ, ಏಕೆಂದರೆ ಆಂಪ್ಲಿಫೈಯರಿನ ತಿರುಪಿನ ಮೇಲೆ ಮುದ್ರಿಸಿದ ಅಂಕಿ ಅಂದಾಜಿನದಷ್ಟೇ.

ಬಾಸ್ ಬೂಸ್ಟ್ ಸೊನ್ನೆಯಲ್ಲಿರಲಿ. ನಂತರ ಕಿಟಕಿ ಏರಿಸಿ, ಚಾಲಕನ ಸೀಟಿನಲ್ಲಿ ಕೂತು, ಬಾಸ್ ಗಿಟಾರ್ ಚೆನ್ನಾಗಿ ಕೇಳುವ, ನಿಮಗೆ ಬಾಯಿಪಾಠವಾದ ಹಾಡೊಂದನ್ನು ಹಾಕಿ. ಇನ್ನೊಬ್ಬರು ಡಿಕ್ಕಿಯ ಬಳಿ ನಿಂತು ಸಬ್‌ನ ಫೇಸ್ ಸ್ವಿಚ್ಚನ್ನು (ಕೋನ್ ಆಡುವ ದಿಕ್ಕನ್ನು ತಿರುಗಿಸುವುದು) 0ಗೆ, 180ಕ್ಕೆ ಬದಲಿಸಲಿ. ಪ್ರತಿ ಸಲವೂ ಡಿಕ್ಕಿ ಮುಚ್ಚಿಯೇ ಕೇಳಿ. ಯಾವುದರಲ್ಲಿ ಬಾಸ್ ತುಂಬಿಕೊಂಡು ಬರುತ್ತದೋ ಅಲ್ಲೇ ಬಿಡಿ. ಆಗಲೂ ಬೆನ್ನ ಹಿಂದೆ ಕೇಳಿಸಿದರೆ ಲೋಪಾಸನ್ನು ಮಾತ್ರ 70ಕ್ಕೆ ಇಳಿಸಿ, ಹೈಪಾಸ್ ಮುಟ್ಟಬೇಡಿ.