ಮೊದಲ ರೋಮನೆಸ್ಕ್ (ಗಾಥಿಕ್‌ಗೂ ಮೊದಲಿನ, ಮಧ್ಯಯುಗದ ಯುರೋಪಿನ ಕಟ್ಟಡ ಶೈಲಿ) ಚರ್ಚುಗಳ ಗೋಡೆ ಅಷ್ಟು ದಪ್ಪ, ಕಿಟಕಿ ಅಷ್ಟು ಸಣ್ಣ ಯಾಕೆ?
ಕಾರಣ ಛಾವಣಿ. ಈ ಚರ್ಚುಗಳಿಗೂ ಮೊದಲು ಯುರೋಪಿನ ಹೆಚ್ಚಿನ ಚರ್ಚುಗಳಿಗೆ ಮರದ ಮಾಡು ಇರುತ್ತಿತ್ತು, ಬೆಂಕಿ ಬಿದ್ದರೆ ಎಲ್ಲ ಹೋಯಿತು. ಕ್ರಿ.ಶ. 1000ರ ಆಸುಪಾಸಿನಲ್ಲಿ ಇಟಲಿಯ ಲೊಂಬಾರ್ಡಿ, ಸ್ಪೇನಿನ ಕ್ಯಾಟಲೋನಿಯಾ ಕಡೆ ಅರ್ಧ ಪೀಪಾಯಿಯನ್ನು ಬೋರಲು ಹಾಕಿದಂಥ ಕಲ್ಲಿನ ಛಾವಣಿ ಕಟ್ಟತೊಡಗಿದರು. ರೋಮನ್ನರ ಹಳೆಯ ವಿದ್ಯೆಯೇ ಇದು. ರೋಮನೆಸ್ಕ್ ಎಂಬ ಹೆಸರು ಬಂದದ್ದೂ ರೋಮನ್ನರಿಂದಲೇ, ಇಟ್ಟವರು ಮಾತ್ರ 19ನೇ ಶತಮಾನದವರು. ಇಂಥ ಛಾವಣಿಯ ಭಾರ ಬರೀ ಕೆಳಗೆ ಇಳಿಯುವುದಿಲ್ಲ, ಗೋಡೆಯನ್ನು ಹೊರಗೂ ತಳ್ಳುತ್ತದೆ ಅಲ್ವಾ, ಹಾಗಾಗಿ ಗೋಡೆ ದಪ್ಪ ಇರಲೇಬೇಕು, ಅದರಲ್ಲಿ ಜಾಸ್ತಿ ಕಿಟಕಿ ಕೊರೆಯುವಂತಿಲ್ಲ. ಫ್ರಾನ್ಸ್-ಸ್ಪೇನ್ ಗಡಿಯ ಪಿರೆನೀಸ್ ಬೆಟ್ಟದ ಸೇಂಟ್ ಮಾರ್ಟಿನ್ ಡು ಕಾನಿಗು ಚರ್ಚು (1009) ಇನ್ನೂ ಗುಹೆಯಂತೆ ಗಿಡ್ಡ, ಕತ್ತಲು. ಸುಮಾರು 30 ವರ್ಷದಲ್ಲೇ, 1040ರಲ್ಲಿ ಪ್ರತಿಷ್ಠೆಯಾದ, ಕ್ಯಾಟಲೋನಿಯಾದ ಕಾರ್ಡೋನಾ ಊರಿನ ಚರ್ಚು ಎಷ್ಟು ಎತ್ತರಕ್ಕೆ ಏರಿದೆ ನೋಡಿ! ಅಲಂಕಾರ ಕಡಿಮೆ, ಬರೀ ಕಲ್ಲು. ನನಗೆ ತುಂಬಾ ಇಷ್ಟವಾಗುವುದೂ ಅದೇ.