ಮಗಳ ಫೋನಿನೊಳಗೆ ಇಣುಕುವ ಆ್ಯಪ್ ನನ್ನ ಹತ್ರ ಕೇಳಬೇಡಿ

ಓದುಗರ ಪ್ರಶ್ನೆ, ತಜ್ಞರ ಉತ್ತರ
ಈ ಸಲ: ಕ್ರೈಸ್ತ ಅಮ್ಮಂದಿರು, ಹದಿಹರೆಯದ ಮಕ್ಕಳು, ಸೋಷಿಯಲ್ ಮೀಡಿಯಾ

ಶಾಲೆಗೆ ರಜೆ ಬಂತು ಅಂದರೆ ಕರಾವಳಿಯ ಅಮ್ಮಂದಿರಿಂದ ಒಂದೇ ಥರದ ಪತ್ರಗಳು ಬರುತ್ತವೆ. ಊರು ಬೇರೆ, ಚರ್ಚ್ ಬೇರೆ, ಪ್ರಶ್ನೆ ಮಾತ್ರ ಅದೇ. ಹಾಗಾಗಿ ಒಂದು ಪತ್ರಕ್ಕೆ ಉದ್ದಕ್ಕೆ ಬರೆಯುತ್ತೇನೆ, ಉಳಿದವನ್ನು ಬೇಗ ಮುಗಿಸುತ್ತೇನೆ. ದಿನಕ್ಕೆ ಎಷ್ಟು ಗಂಟೆ ಫೋನ್ ಕೊಡಬೇಕು, ಊಟದ ಮೇಜಿಗೆ ತರಬಹುದಾ ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನಿಮಗೇ ಗೊತ್ತಿದೆ.

ಪ್ರಶ್ನೆ: ಮಗಳಿಗೆ 15 ವರ್ಷ, ಹತ್ತನೇ ಕ್ಲಾಸ್. ಗಂಡ ಕುವೈತ್‌ನಲ್ಲಿದ್ದಾರೆ. ಮನೆಯಲ್ಲಿ ದಿನಾ ಸಂಜೆ ಜಪಸರ ಆಗುತ್ತದೆ, ಭಾನುವಾರದ ಪೂಜೆ ತಪ್ಪಿಸಿದ್ದಿಲ್ಲ. ಆದರೂ ಅವಳು ಇನ್‌ಸ್ಟಾಗ್ರಾಂನಲ್ಲಿ ಬೇರೆ ಹೆಸರಿನಲ್ಲಿ ಇನ್ನೊಂದು ಅಕೌಂಟ್ ಇಟ್ಟಿರುವುದು ಗೊತ್ತಾಯಿತು. ಫೋನ್ ಕಿತ್ತುಕೊಂಡೆ. ಚರ್ಚಿನ ಫಾದರ್ ಹತ್ರ ಪಾಪನಿವೇದನೆಗೂ ಕಳಿಸಿದೆ. ಈಗ ನನ್ನ ಹತ್ರ ಮಾತೇ ಆಡುವುದಿಲ್ಲ. ಏನು ಹೇಳಿದಳು ಅಂತ ಫಾದರ್ ಹತ್ರ ಕೇಳಿದರೆ ಅವರೂ ಹೇಳಲಿಲ್ಲ. ಅವಳಿಗೆ ಗೊತ್ತಾಗದ ಹಾಗೆ ಅವಳ ಚಾಟ್ ಎಲ್ಲ ನನ್ನ ಫೋನಿಗೆ ಬರುವಂಥ ಒಳ್ಳೆ ಆ್ಯಪ್ ಯಾವುದು?
(ಒಬ್ಬ ತಾಯಿ, ಉಡುಪಿ ಜಿಲ್ಲೆ)

ಉತ್ತರ: ಆ್ಯಪ್‌ನ ಹೆಸರು ಹೇಳುವುದಿಲ್ಲ. ಗೊತ್ತಿಲ್ಲ ಅಂತಲ್ಲ, ಹೇಳುವುದಿಲ್ಲ.

ಮೊದಲು ಫಾದರ್ ವಿಷಯ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಯಾರಿಗೂ ಹೇಳುವ ಹಾಗಿಲ್ಲ. ಧರ್ಮಸಭೆಯ ಕಾನೂನಿನ 983ನೇ ಕಲಮು ಹೇಳುವುದು ಅದನ್ನೇ. ಹೇಳಿದ್ದಕ್ಕೆ ಬಹಿಷ್ಕಾರದಂಥ ಶಿಕ್ಷೆ ಇದೆ. ಇದನ್ನು ನೀವು ಚಿಕ್ಕವರಿದ್ದಾಗಲೇ ಧರ್ಮೋಪದೇಶದ ಕ್ಲಾಸಿನಲ್ಲಿ ಕಲಿತಿದ್ದೀರಿ. ಆದರೂ ಹೋಗಿ ಕೇಳಿದಿರಿ. ಮಗಳ ಜಾಗದಲ್ಲಿ ನಿಂತು ಯೋಚಿಸಿ: ಫೋನ್ ಹೋಯಿತು, ಅಮ್ಮನ ಜೊತೆ ಮಾತು ಹೋಯಿತು, ಈಗ ಪಾಪನಿವೇದನೆ ಮಾಡುವ ಕಡೆಯೂ ಅಮ್ಮ ಕಿವಿ ಇಟ್ಟಿದ್ದಾರೆ. ಅವಳು ಇನ್ನು ಯಾರ ಹತ್ರ ಹೇಳಿಕೊಳ್ಳಬೇಕು?

ಇನ್ನು ಆ ಎರಡನೇ ಅಕೌಂಟ್. ಬೇರೆ ಹೆಸರು ಅಂದ ಕೂಡಲೇ ‘ಯಾರೋ ಹುಡುಗ ಇದ್ದಾನೆ’ ಅಂತ ತೀರ್ಮಾನ ಮಾಡುತ್ತೀರಿ. ಅವಳ ಮೊದಲ ಅಕೌಂಟಿನಲ್ಲಿ ಯಾರ್ಯಾರಿದ್ದಾರೆ ನೋಡಿ. ನೀವಿದ್ದೀರಿ, ಚಿಕ್ಕಮ್ಮಂದಿರಿದ್ದಾರೆ, ಕ್ವಾಯರ್‌ನವರಿದ್ದಾರೆ, ಮಸ್ಕತ್‌ನ ಅಂಕಲ್ ಇದ್ದಾರೆ. ಅಲ್ಲಿ ಅವಳು ಮರಿಯಮ್ಮನ ಹುಟ್ಟುಹಬ್ಬದ, ಅಂದರೆ ಮೊಂತಿ ಹಬ್ಬದ ಫೋಟೋ ಹಾಕುತ್ತಾಳೆ, ನೀವೆಲ್ಲ ಕೈಮುಗಿಯುವ ಇಮೋಜಿ ಹಾಕುತ್ತೀರಿ. ಟೀಚರ್ ಮೇಲಿನ ಸಿಟ್ಟು, ಮೊಡವೆ ಬಂದ ಮುಖ, ಗೆಳತಿ ಜೊತೆಗಿನ ಮುನಿಸು ಇದೆಲ್ಲ ಅಲ್ಲಿ ಹಾಕಕ್ಕಾಗುತ್ತಾ? ನಾನು ನೋಡುವ ಎರಡನೇ ಅಕೌಂಟ್‌ಗಳಲ್ಲಿ ಹೆಚ್ಚಿನವು ಇಂಥವೇ. ನೀವು ಆ ವಯಸ್ಸಿನಲ್ಲಿ ಬೀಗ ಹಾಕಿದ ಡೈರಿ ಇಟ್ಟುಕೊಂಡಿರಲಿಲ್ವಾ?

ಅಪಾಯ ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಆದರೆ ಕೇಳಬೇಕಾದ್ದು ಬೇರೆ. ಹುಟ್ಟಿದ ವರ್ಷ ಸರಿಯಾಗಿ ಹಾಕಿದ್ದಾಳಾ? ಅಕೌಂಟ್ ಪ್ರೈವೇಟ್ ಇದೆಯಾ? ಎದುರಿಗೆ ಒಮ್ಮೆಯೂ ನೋಡದವರು ಅದರಲ್ಲಿ ಇದ್ದಾರಾ? ವಯಸ್ಸು ಸರಿ ಇದ್ದರೆ ಇನ್‌ಸ್ಟಾಗ್ರಾಂ ತಾನಾಗಿಯೇ ಟೀನ್ ಅಕೌಂಟ್ ಮಾಡುತ್ತದೆ. 2025ರಲ್ಲಿ ಇದು ಭಾರತಕ್ಕೂ ಬಂತು. ಅಕೌಂಟ್ ಮೊದಲಿನಿಂದಲೇ ಪ್ರೈವೇಟ್ ಇರುತ್ತದೆ, ಗುರುತಿಲ್ಲದವರು ಮೆಸೇಜ್ ಮಾಡಕ್ಕಾಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಷನ್ ಸುಮ್ಮನಿರುತ್ತದೆ. 16 ಆಗದವರು ಇದನ್ನು ಸಡಿಲ ಮಾಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅದರಲ್ಲೇ ಹೆತ್ತವರಿಗೆಂದು ಇರುವ ‘ಸೂಪರ್‌ವಿಷನ್’ ಸೌಲಭ್ಯ ಜೋಡಿಸಿಕೊಂಡರೆ, ಕಳೆದ ಏಳು ದಿನಗಳಲ್ಲಿ ಯಾರಿಗೆಲ್ಲ ಮೆಸೇಜ್ ಮಾಡಿದ್ದಾಳೆ ಅಂತ ನಿಮಗೆ ಕಾಣುತ್ತದೆ. ಏನು ಬರೆದಳು ಅನ್ನುವುದು ಕಾಣುವುದಿಲ್ಲ. ಇಷ್ಟು ಸಾಕು. ಮುಖ್ಯವಾದದ್ದು ಏನೆಂದರೆ, ಇದು ಅವಳಿಗೆ ಗೊತ್ತಿದ್ದೇ ಆಗುವ ವ್ಯವಸ್ಥೆ.

ನೀವು ಕೇಳುವ ಕದ್ದು ನೋಡುವ ಆ್ಯಪ್ ಹಾಗಲ್ಲ. ಇಂಥವು ಹೆಚ್ಚಾಗಿ ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ. ಎಲ್ಲಿಂದಲೋ ಫೈಲ್ ಇಳಿಸಿ, ಫೋನಿನ ಸುರಕ್ಷತೆಯನ್ನು ನೀವೇ ಕೈಯಾರೆ ಆಫ್ ಮಾಡಿ ಹಾಕಬೇಕು. ಆಮೇಲೆ ಮಗಳ ಫೋಟೋ, ಚಾಟ್, ಅವಳು ಇರುವ ಜಾಗ ಎಲ್ಲ ಯಾವುದೋ ದೇಶದ ಕಂಪ್ಯೂಟರ್‌ಗೆ ಹೋಗಿ ಕೂರುತ್ತದೆ. ಅಲ್ಲಿಂದ ಸೋರಿಕೆ ಆಗಿರುವುದೂ ಹೊಸದಲ್ಲ. ಮಗಳನ್ನು ಅಪರಿಚಿತರಿಂದ ಕಾಪಾಡಲು ಹೋಗಿ ಅಪರಿಚಿತರ ಕೈಗೇ ಕೊಟ್ಟ ಹಾಗಾಯಿತು.

ಆದರೆ ನಾನು ಬೇಡ ಅನ್ನುವುದಕ್ಕೆ ದೊಡ್ಡ ಕಾರಣ ಇದಲ್ಲ. ಈ ವಯಸ್ಸಿನ ಮಕ್ಕಳ ವಿಷಯದಲ್ಲಿ ನನಗೆ ನಿಜವಾದ ಭಯ ಒಂದೇ: ಯಾವನೋ ಫೋಟೋ ಹಿಡಿದುಕೊಂಡು ‘ಇನ್ನೂ ಕಳಿಸು, ಇಲ್ಲಾಂದ್ರೆ ಎಲ್ಲರಿಗೂ ಹಂಚುತ್ತೇನೆ’ ಅನ್ನುವ ರಾತ್ರಿ. ಗಂಡು ಮಕ್ಕಳಿಗಾದರೆ ‘ದುಡ್ಡು ಹಾಕು’ ಅನ್ನುತ್ತಾರೆ. ಹೌದು, ಗಂಡು ಮಕ್ಕಳಿಗೂ ಆಗುತ್ತದೆ, ಈ ದುಡ್ಡಿನ ಬೆದರಿಕೆ ಅವರಿಗೇ ಜಾಸ್ತಿ. ಫೋಟೋ ನಿಜದ್ದೇ ಆಗಬೇಕೆಂದೂ ಇಲ್ಲ, ಮೊಂತಿ ಹಬ್ಬದ ಫೋಟೋದಿಂದಲೇ ಎಐ ಬಳಸಿ ಕೆಟ್ಟದ್ದು ತಯಾರಿಸುತ್ತಾರೆ. ಆ ರಾತ್ರಿ ಮಗು ಎದ್ದು ನಿಮ್ಮ ರೂಮಿಗೆ ಬರುತ್ತದಾ ಇಲ್ಲವಾ? ನೀವು ಇವತ್ತು ಮಾಡುವ ಪ್ರತಿಯೊಂದನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಅಳೆಯಬೇಕು. ಎರಡನೇ ಅಕೌಂಟಿಗೇ ಫೋನ್ ಕಿತ್ತುಕೊಂಡು ಪಾಪನಿವೇದನೆಗೆ ಅಟ್ಟಿದ ಅಮ್ಮನ ಹತ್ರ, ಅದಕ್ಕಿಂತ ದೊಡ್ಡದು ಆದಾಗ ಮಗಳು ಬರುವುದಿಲ್ಲ. ಬೆದರಿಸುವವನಿಗೂ ಇದು ಚೆನ್ನಾಗಿ ಗೊತ್ತು. ‘ನಿನ್ನ ಅಮ್ಮನಿಗೆ ಹೇಳ್ತೀನಿ’ ಅನ್ನುವುದೇ ಅವನ ದೊಡ್ಡ ಆಯುಧ. ಅದನ್ನು ಅವನ ಕೈಗೆ ಕೊಡುವವರು ನೀವೇ.

ಕಥೋಲಿಕರ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 13ನೇ ಅಧ್ಯಾಯ ತೆಗೆಯಿರಿ, ಸುಸನ್ನಳ ಕಥೆ. ಹೆಣ್ಣು ಮಕ್ಕಳಿಗೆ ಇದನ್ನು ಶೀಲದ ಪಾಠ ಅಂತ ಹೇಳಿಕೊಡುತ್ತೇವೆ. ನಾನು ಓದುವಾಗ ನನಗೆ ಕಾಣುವುದು ಬ್ಲ್ಯಾಕ್‌ಮೇಲ್. ಇಬ್ಬರು ಹಿರಿಯರು, ಅದೂ ಊರಿನ ನ್ಯಾಯಾಧಿಪತಿಗಳು, ತೋಟದಲ್ಲಿ ಅವಳನ್ನು ಒಂಟಿಯಾಗಿ ಹಿಡಿದು ‘ನಾವು ಹೇಳಿದಂತೆ ಕೇಳು, ಇಲ್ಲದಿದ್ದರೆ ನಿನ್ನ ಜೊತೆ ಒಬ್ಬ ಯುವಕ ಇದ್ದ ಅಂತ ಸಾಕ್ಷಿ ಹೇಳುತ್ತೇವೆ’ ಅನ್ನುತ್ತಾರೆ. ಅವಳು ಗಟ್ಟಿಯಾಗಿ ಕೂಗುತ್ತಾಳೆ. ಜನ ನಂಬುವುದು ಹಿರಿಯರನ್ನೇ. ದಾನಿಯೇಲ ಬಂದು ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ‘ಯಾವ ಮರದ ಕೆಳಗೆ’ ಅಂತ ಕೇಳಿದ ಮೇಲೆ ಸುಳ್ಳು ಹೊರಬೀಳುತ್ತದೆ. ಮಗಳಿಗೆ ಈ ಕಥೆ ಹೇಳಿ. ಕೂಗಿದ ಭಾಗ ಬಂದಾಗ ಸ್ವಲ್ಪ ನಿಲ್ಲಿಸಿ ಹೇಳಿ.

ಅಂಥದ್ದು ಆಗಿಯೇ ಬಿಟ್ಟರೆ ಏನು ಮಾಡಬೇಕು ಅಂತ ಈಗಲೇ ತಿಳಿದಿಟ್ಟುಕೊಳ್ಳಿ. ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾನೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಅವನ ಪ್ರೊಫೈಲ್ ಮತ್ತು ಬೆದರಿಕೆ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098. ಫೋಟೋ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆ ಇದೆ. ಅಲ್ಲಿ ಫೋಟೋ ಅಪ್‌ಲೋಡ್ ಮಾಡಬೇಕಾಗಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಅದರಲ್ಲಿ ಸೇರಿವೆ.

‘ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವುದಾ, ಮರ್ಯಾದೆ ಏನಾಗಬೇಕು’ ಅನ್ನುತ್ತೀರಿ. 2012ರ ಪೋಕ್ಸೊ ಕಾಯ್ದೆಯ 24ನೇ ಕಲಮು ಓದಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ, ಇಲ್ಲವೇ ಮಗು ಹೇಳಿದ ಜಾಗದಲ್ಲಿ ತೆಗೆದುಕೊಳ್ಳಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಮಗುವಿನ ಹೆಸರು, ಫೋಟೋ ಪತ್ರಿಕೆಯಲ್ಲಿ ಬರುವ ಹಾಗಿಲ್ಲ. ಮರ್ಯಾದೆ ಕಳೆಯುವುದು ಸಾಮಾನ್ಯವಾಗಿ ನಾವೇ. ‘ಪ್ರೂಫ್’ ಅಂತ ಆ ಫೋಟೋವನ್ನು ತಂಗಿಗೆ, ಚರ್ಚ್ ವಾರ್ಡಿನ ಮುಖಂಡರಾದ ಗುರ್ಕಾರರಿಗೆ, ಫಾದರ್‌ಗೆ ವಾಟ್ಸಾಪ್ ಮಾಡುವ ಅಮ್ಮಂದಿರಿದ್ದಾರೆ. ದಯವಿಟ್ಟು ಬೇಡ. ಮಕ್ಕಳ ಅಂಥ ಫೋಟೋ ಕಳಿಸುವುದು ಐಟಿ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಅಮ್ಮ ಅಂತ ಅದರಲ್ಲಿ ವಿನಾಯಿತಿ ಬರೆದಿಲ್ಲ.

ಈಗ ಮನೆಗೆ ಬರೋಣ. ಫೋನ್ ವಾಪಸ್ ಕೊಡಿ. ‘ಫಾದರ್ ಹತ್ರ ಕೇಳಬಾರದಿತ್ತು, ತಪ್ಪಾಯಿತು ಮಗಾ’ ಅಂತ ಹೇಳಿ. ‘ಫೋನಿನಲ್ಲಿ ಏನೇ ಆಗಲಿ, ತಪ್ಪು ನಿನ್ನದೇ ಆಗಿದ್ದರೂ ಸರಿ, ಮೊದಲು ನನಗೆ ಹೇಳು. ಆ ದಿನ ನಾನು ಬೈಯುವುದಿಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ’ ಅಂತ ಮಾತು ಕೊಡಿ. ಕೊಟ್ಟ ಮೇಲೆ ನಡೆಸಿ. ಕುವೈತ್‌ನಿಂದ ವಿಡಿಯೋ ಕಾಲ್‌ನಲ್ಲಿ ಅವಳ ಅಪ್ಪ ಬುದ್ಧಿಮಾತು ಶುರು ಮಾಡಿದರೆ ನೀವೇ ತಡೆಯಿರಿ. ಅವರು ಬರೀ ‘ಊಟ ಆಯ್ತಾ’ ಅಂತ ಕೇಳಲಿ.

ಎರಡು ವಿಷಯದಲ್ಲಿ ಮಾತ್ರ ನಾನು ಹಠಮಾರಿ. ರಾತ್ರಿ ಎಲ್ಲರ ಫೋನ್ ಹಾಲ್‌ನಲ್ಲಿ ಮಲಗಬೇಕು, ನಿಮ್ಮದೂ ಸೇರಿ. ಮತ್ತೆ, ಎಲ್ಲಿದ್ದೇನೆ ಅಂತ ಲಿಸ್ಟಿನಲ್ಲಿರುವ ಫ್ರೆಂಡ್ಸ್‌ಗೆ ತೋರಿಸುವ ಸ್ನ್ಯಾಪ್‌ಚಾಟ್ ಮ್ಯಾಪ್ ಬೇಡವೇ ಬೇಡ. ಇದು ಅತಿ ಅಂತ ಬೇರೆ ಸಮಾಲೋಚಕರು ಹೇಳಬಹುದು. ಹೇಳಲಿ.

ಪತ್ರದ ಕೊನೆಯಲ್ಲಿ ನೀವು ಎಫೆಸದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಎತ್ತಿದ್ದಿರಿ, ಮಕ್ಕಳು ತಂದೆತಾಯಿಗೆ ವಿಧೇಯರಾಗಿರಬೇಕು ಅಂತ. ಅಲ್ಲಿ ಮೊದಲ ಮೂರು ವಚನ ಎಲ್ಲ ಅಮ್ಮಂದಿರಿಗೂ ಬಾಯಿಪಾಠ. ನಾಲ್ಕನೆಯದು ಮಕ್ಕಳಿಗೆ ಸಿಟ್ಟು ಬರಿಸಬೇಡಿ ಅಂತ ಹೆತ್ತವರಿಗೆ ಹೇಳಿದ್ದು. ‘ತಂದೆಗಳೇ’ ಅಂತ ಬರೆದಿದೆ, ನಮಗಲ್ಲ ಅನ್ನಬೇಡಿ. ಗಂಡ ಗಲ್ಫ್‌ನಲ್ಲಿದ್ದರೆ ಆ ವಚನವೂ ನಿಮ್ಮ ಪಾಲಿಗೇ.

ಪ್ರಶ್ನೆ: ಮಗನಿಗೆ 11. ಇನ್‌ಸ್ಟಾಗ್ರಾಂ ಬೇಕೆಂದು ಅಳುತ್ತಿದ್ದ, ಹುಟ್ಟಿದ ವರ್ಷ ಬದಲಿಸಿ ನಾನೇ ಮಾಡಿಕೊಟ್ಟೆ. ತೊಂದರೆ ಇದೆಯಾ?

ಉತ್ತರ: ಇದೆ. ಕನಿಷ್ಠ ವಯಸ್ಸು 13. ನೀವು ಹಾಕಿದ ಸುಳ್ಳು ವರ್ಷದಿಂದ ಅವನು ದೊಡ್ಡವನ ಲೆಕ್ಕಕ್ಕೆ ಸೇರಿದ್ದರೆ, ಮೇಲೆ ಹೇಳಿದ ಯಾವ ರಕ್ಷಣೆಯೂ ಅವನಿಗಿಲ್ಲ. ಅಕೌಂಟ್ ಡಿಲೀಟ್ ಮಾಡಿ. ಸುಳ್ಳು ಹೇಳಬಾರದು ಅನ್ನುವುದು ಕಥೋಲಿಕರ ಲೆಕ್ಕದಲ್ಲಿ ಎಂಟನೇ ಕಟ್ಟಳೆ, ಪ್ರೊಟೆಸ್ಟಂಟ್ ಸಭೆಯಾದ ಸಿಎಸ್‌ಐನ ಅಮ್ಮಂದಿರ ಲೆಕ್ಕದಲ್ಲಿ ಒಂಬತ್ತನೆಯದು. ಎರಡೂ ಕಡೆ ಇದೆ.

ಪ್ರಶ್ನೆ: ಸಂತ ಕಾರ್ಲೊ ಅಕುಟಿಸ್ ವಾರಕ್ಕೆ ಒಂದೇ ಗಂಟೆ ಗೇಮ್ ಆಡುತ್ತಿದ್ದರಂತೆ. ಮಗನಿಗೆ ದಿನಾ ಹೇಳುತ್ತೇನೆ, ಕೇಳುವುದಿಲ್ಲ.

ಉತ್ತರ: ದಿನಾ ಹೇಳಿದರೆ ಯಾರೂ ಕೇಳುವುದಿಲ್ಲ. 2025ರ ಸೆಪ್ಟೆಂಬರ್ 7ರಂದು ಅವರನ್ನು ಸಂತರೆಂದು ಘೋಷಿಸಿದ ಮೇಲೆ ಪಾಪ ಆ ಹುಡುಗನನ್ನು ಬೆತ್ತ ಮಾಡಿಕೊಂಡಿದ್ದೀರಿ. ಒಂದು ಗಂಟೆಯ ಮಿತಿ ಅವರು ತಾವೇ ಹಾಕಿಕೊಂಡದ್ದು. ಮತ್ತೆ ಅವರು 15ನೇ ವಯಸ್ಸಿಗೆ ತೀರಿಕೊಂಡದ್ದು 2006ರಲ್ಲಿ, ಇನ್‌ಸ್ಟಾಗ್ರಾಂ ಬಂದದ್ದು 2010ರಲ್ಲಿ. ಹೋಲಿಸಬೇಡಿ.

ಪ್ರಶ್ನೆ: ಮಗಳು ಬೇರೆ ಧರ್ಮದ ಹುಡುಗನ ಜೊತೆ ಚಾಟ್ ಮಾಡುತ್ತಾಳೆ.

ಉತ್ತರ: ಅವನ ಧರ್ಮ ವಿಚಾರಿಸಿದ್ದೀರಿ, ವಯಸ್ಸು ವಿಚಾರಿಸಿಲ್ಲ. ಕ್ಲಾಸಿನ ಹುಡುಗನಾದರೆ ಮನೆಗೆ ಚಹಾಕ್ಕೆ ಕರೆಯಿರಿ. ನಿಮ್ಮದೇ ಚರ್ಚಿನ 25ರ ಯುವಕನಾದರೆ ನನಗೆ ಫೋನ್ ಮಾಡಿ.

ಪ್ರಶ್ನೆ: ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನ ಮಕ್ಕಳ ಸೋಷಿಯಲ್ ಮೀಡಿಯಾ ಬಿಡಿಸಬಹುದಾ?

ಉತ್ತರ: ಬಿಡಿಸುವುದು ಉಪವಾಸ ಅಲ್ಲ, ಶಿಕ್ಷೆ. 2020ರ ವಿಭೂತಿ ಬುಧವಾರ ಪೋಪ್ ಫ್ರಾನ್ಸಿಸ್ ಮೊಬೈಲಿನಿಂದ ದೂರವಾಗಿ ಶುಭಸಂದೇಶಕ್ಕೆ ಹತ್ತಿರವಾಗಿ ಅಂದದ್ದು ನಿಜ. ಅದನ್ನು ಹದಿಹರೆಯದವರಿಗೆ ಮಾತ್ರ ಅಂತ ಅವರು ಹೇಳಲಿಲ್ಲ. ನಿಮ್ಮ ಫ್ಯಾಮಿಲಿ ಗ್ರೂಪ್, ವಾರ್ಡ್ ಗ್ರೂಪ್, ‘ಗುಡ್ ಮಾರ್ನಿಂಗ್ ಜೀಸಸ್’ ಫಾರ್ವರ್ಡ್ ಎಲ್ಲ ನಿಲ್ಲಿಸಿ ನೀವು ಮೊದಲು ಶುರು ಮಾಡಿ.

ಪ್ರಶ್ನೆ: ಬರೀ ಬೈಬಲ್ ರೀಲ್ಸ್ ನೋಡು ಅಂತ ಹೇಳಿದ್ದೇನೆ. ಆಗ ಸುರಕ್ಷಿತ ಅಲ್ವಾ?

ಉತ್ತರ: ಅಲ್ಲ. ಆ್ಯಪ್‌ಗೆ ವಿಶ್ವಾಸ ಗೊತ್ತಿಲ್ಲ, ಎಷ್ಟು ಹೊತ್ತು ನೋಡಿದಿರಿ ಅನ್ನುವುದು ಮಾತ್ರ ಗೊತ್ತು. ಮೂರು ಒಳ್ಳೆ ರೀಲ್ ಆದ ಮೇಲೆ ‘ಇದನ್ನು ಶೇರ್ ಮಾಡದಿದ್ದರೆ ಶಾಪ’ ಅನ್ನುವುದು ಬರುತ್ತದೆ, ಅದರ ಹಿಂದೆ ಕ್ಯೂಆರ್ ಕೋಡ್ ಹಿಡಿದ ಪ್ರವಾದಿ ಬರುತ್ತಾನೆ.

ಪ್ರಶ್ನೆ: ಮಗನಿಗೆ ಹಿಡಿದಿರುವುದು ‘ಮೊಬೈಲ್ ದುರಾತ್ಮ’ ಅಂತ ಒಬ್ಬರು ಹೇಳಿದ್ದಾರೆ. ಬಿಡುಗಡೆ ಪ್ರಾರ್ಥನೆಗೆ ಕರೆದುಕೊಂಡು ಹೋಗಿ, ಫೋನಿಗೆ ಎಣ್ಣೆ ಹಚ್ಚಿಸಬೇಕಂತೆ. ದುಡ್ಡೂ ಕೇಳಿದ್ದಾರೆ. ಹೋಗಬಹುದಾ?

ಉತ್ತರ: ಹೋಗಬೇಡಿ. ಎಣ್ಣೆ ಹಚ್ಚಿದರೆ ಫೋನ್ ಹಾಳಾಗುತ್ತದೆ, ಅಷ್ಟೇ. ‘ನಿನ್ನೊಳಗೆ ದೆವ್ವ ಇದೆ’ ಅಂತ ಹತ್ತು ಜನರ ಮುಂದೆ ಹೇಳಿಸಿಕೊಂಡ ಹುಡುಗನನ್ನು ಆಮೇಲೆ ಸರಿ ಮಾಡಲು ತಿಂಗಳುಗಟ್ಟಲೆ ಬೇಕು, ಆ ಕೆಲಸ ನಮ್ಮಂಥವರ ತಲೆಗೆ ಬೀಳುತ್ತದೆ. ಪ್ರಾರ್ಥನೆ ಮಾಡಿ, ಮನೆಯಲ್ಲೇ ಮಾಡಿ, ದುಡ್ಡಿಲ್ಲದೆ ಮಾಡಿ. ಹುಡುಗ ನಿದ್ದೆ ಬಿಟ್ಟಿದ್ದರೆ, ಶಾಲೆಗೆ ಹೋಗದಿದ್ದರೆ, ಫೋನ್ ತೆಗೆದಾಗ ಹೊಡೆಯಲು ಬರುತ್ತಿದ್ದರೆ ಅದಕ್ಕೆ ವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಅನ್ನುವ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಅಷ್ಟು ದೂರ ಹೋಗಕ್ಕಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.