ಸುಂಕದ ಕಟ್ಟೆ: ಪೆಟ್ಟಿಗೆಯಲ್ಲಿ ನಕಲಿ ಮಾಲು ಇದ್ದರೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಬೇಸಿಗೆ ರಜೆಗೆ ಹೊರದೇಶಕ್ಕೆ ಹೊರಟವರು, ಕೊಲ್ಲಿ ರಾಷ್ಟ್ರಗಳಿಂದ ಊರಿಗೆ ಬರುವವರು, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವವರು ಎಲ್ಲರೂ ನಕಲಿ ಮಾಲಿನ ಬಗ್ಗೆಯೇ ಕೇಳಿದ್ದಾರೆ. ಸೀಮಾಸುಂಕ ಇಲಾಖೆಯಲ್ಲಿ ಅಧೀಕ್ಷಕನಾಗಿದ್ದ ನಾನು ಸೇವೆಯ ಬಹುಪಾಲನ್ನು ವಿಮಾನ ನಿಲ್ದಾಣದ ತಪಾಸಣೆ ಮೇಜಿನ ಹಿಂದೆ ಕಳೆದವನು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೇ ತಿಂಗಳಲ್ಲಿ ಇಟಲಿ ಮತ್ತು ಫ್ರಾನ್ಸ್ ಪ್ರವಾಸಕ್ಕೆ ಹೊರಟಿದ್ದೇವೆ. ಅಲ್ಲಿನ ಬೀದಿಗಳಲ್ಲಿ ದೊಡ್ಡ ಕಂಪನಿಗಳ ಹೆಸರಿನ ಕೈಚೀಲಗಳು ಹತ್ತು ಹದಿನೈದು ಯೂರೋಗೆ ಸಿಗುತ್ತವೆ, ನಾಲ್ಕಾರು ತಂದುಬಿಡಿ ಎಂದು ಪರಿಚಿತರು ಹೇಳಿದ್ದಾರೆ. ಕೊಂಡವರಿಗೂ ದಂಡ ಬೀಳುತ್ತದೆ ಎನ್ನುತ್ತಾನೆ ಮಗ. ಮಾರಿದವನನ್ನು ಬಿಟ್ಟು ಕೊಂಡವರನ್ನು ಹಿಡಿಯುವುದು ನಿಜವೇ? (ನಿವೃತ್ತ ಶಿಕ್ಷಕಿ, ದಾವಣಗೆರೆ)

ಉತ್ತರ: ನಿಜ, ಅಮ್ಮ. ನಿಮ್ಮ ಮಗ ಸರಿಯಾಗಿಯೇ ಹೇಳಿದ್ದಾನೆ. ಇಟಲಿಯಲ್ಲಿ 2005ರಿಂದ ನಕಲಿ ಮಾಲನ್ನು ಕೊಂಡ ಗ್ರಾಹಕನಿಗೂ ದಂಡವಿದೆ. ಅದು 7,000 ಯೂರೋವರೆಗೆ ಹೋಗಬಹುದು. ಈ ಕಾನೂನಿನಲ್ಲಿ ನೀವು ಮುಖ್ಯವಾಗಿ ತಿಳಿಯಬೇಕಾದ ಅಂಶವೊಂದಿದೆ. ‘ನಕಲಿ ಎಂದು ನನಗೆ ಗೊತ್ತಿರಲಿಲ್ಲ’ ಎಂಬ ಮಾತು ಅಲ್ಲಿ ಸುಲಭವಾಗಿ ನಡೆಯುವುದಿಲ್ಲ. ವಸ್ತುವಿನ ಗುಣಮಟ್ಟ, ಅದರ ಬೆಲೆ, ಮಾರುತ್ತಿರುವವನ ರೀತಿ ಇವನ್ನು ನೋಡಿದರೇ ನಿಮಗೆ ಅನುಮಾನ ಬರಬೇಕಿತ್ತು ಎಂದು ಕಾನೂನು ಭಾವಿಸುತ್ತದೆ. ಸಾವಿರ ಯೂರೋ ಬೆಲೆಯ ಚೀಲವನ್ನು ಸೇತುವೆಯ ಮೇಲೆ ಬಟ್ಟೆ ಹಾಸಿಕೊಂಡು ಹದಿನೈದಕ್ಕೆ ಮಾರುತ್ತಿದ್ದರೆ ಆ ಬೆಲೆಯೇ ನಿಮ್ಮ ವಿರುದ್ಧ ಸಾಕ್ಷಿ.

2010ರಲ್ಲಿ ವೆನಿಸ್ ಹತ್ತಿರದ ಯೆಸೊಲೊ ಕಡಲತೀರದಲ್ಲಿ ನಡೆದದ್ದು ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆಸ್ಟ್ರಿಯಾದ ಪ್ರವಾಸಿ ಮಹಿಳೆಯೊಬ್ಬರು ಏಳು ಯೂರೋ ಕೊಟ್ಟು ಲೂಯಿ ವಿಟಾನ್ ಎಂಬ ದುಬಾರಿ ಕಂಪನಿಯ ಹೆಸರಿನ ನಕಲಿ ಪರ್ಸು ಕೊಂಡರು. ಪೊಲೀಸರು ಅವರಿಗೆ 1,000 ಯೂರೋ ದಂಡ ಹಾಕಿದರು. ಅವರು ವ್ಯಾಪಾರಿಯಾಗಿರಲಿಲ್ಲ, ಒಂದೇ ಒಂದು ಪರ್ಸು ಕೊಂಡಿದ್ದರು.

ಫ್ರಾನ್ಸಿನ ಕಾನೂನು ಇನ್ನೂ ಬಿಗಿ. ಅಲ್ಲಿ ನಕಲಿ ವಸ್ತುವನ್ನು ಇಟ್ಟುಕೊಂಡಿರುವುದೇ ಅಪರಾಧ. ಎಲ್ಲಿ ಕೊಂಡಿರಿ, ಎಷ್ಟಕ್ಕೆ ಕೊಂಡಿರಿ, ಉಡುಗೊರೆಯಾಗಿ ಬಂತೇ ಎಂಬುದೆಲ್ಲ ಆಮೇಲಿನ ಮಾತು. ವಸ್ತು ಜಪ್ತಿಯಾಗುತ್ತದೆ. ಅದರ ಮೇಲೆ ಸುಂಕದ ದಂಡ ಬೀಳುತ್ತದೆ. ಆ ದಂಡಕ್ಕೆ ನೀವು ಕೊಟ್ಟ ಬೆಲೆ ಲೆಕ್ಕವಲ್ಲ. ಅಸಲಿ ವಸ್ತುವಿನ ಬೆಲೆಯಷ್ಟು, ಇಲ್ಲವೇ ಅದರ ಎರಡು ಪಟ್ಟಿನವರೆಗೆ ಕಟ್ಟಬೇಕಾಗುತ್ತದೆ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ 3 ವರ್ಷಗಳವರೆಗೆ ಸೆರೆ, 3 ಲಕ್ಷ ಯೂರೋವರೆಗೆ ದಂಡ ವಿಧಿಸಲು ಅವಕಾಶವಿದೆ. ಒಂದು ಚೀಲಕ್ಕೆ ಯಾರೂ ಜೈಲಿಗೆ ಕಳಿಸುವುದಿಲ್ಲ, ನಿಜ. ಆದರೆ ಪ್ರವಾಸದ ಕೊನೆಯ ದಿನ, ಕೈಯಲ್ಲಿ ಬೋರ್ಡಿಂಗ್ ಪಾಸ್ ಹಿಡಿದು, ಭಾಷೆ ಬಾರದ ಊರಿನಲ್ಲಿ ಅಧಿಕಾರಿಯ ಮುಂದೆ ನಿಲ್ಲುವ ಸಂಕಟ ಯಾವ ಚೀಲಕ್ಕೂ ಬೇಡ.

ಅಲ್ಲಿನ ಸುಂಕದವರು ಇದನ್ನು ಮುಚ್ಚಿಡುವುದಿಲ್ಲ, ಮೊದಲೇ ಎಚ್ಚರಿಸುತ್ತಾರೆ. ಕಾರ್ಟಿಯೇ ಎಂಬ ದುಬಾರಿ ಒಡವೆ-ವಾಚು ಕಂಪನಿಯ ನಕಲಿ ಮಾಲು ಕೊಂಡವರಿಗೆ ಅಸಲಿ ಅಪರಾಧ ದಾಖಲೆ ಸಿಗುತ್ತದೆ ಎಂಬ ಅರ್ಥದ ಭಿತ್ತಿಪತ್ರಗಳನ್ನು 2012ರಲ್ಲಿ ಫ್ರಾನ್ಸಿನ ವಿಮಾನ ನಿಲ್ದಾಣಗಳಲ್ಲಿ ಅಂಟಿಸಿದ್ದರು. ಪ್ಯಾರಿಸ್‌ನಲ್ಲಿ ಸಮಯ ಸಿಕ್ಕರೆ ನಕಲಿ ವಸ್ತುಗಳದ್ದೇ ಒಂದು ವಸ್ತುಸಂಗ್ರಹಾಲಯವಿದೆ, ನೋಡಿ ಬನ್ನಿ. 1951ರಲ್ಲಿ ಶುರುವಾದದ್ದು. ಅಸಲಿ ನಕಲಿ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ಶಿಕ್ಷಕಿಯಾಗಿದ್ದ ನಿಮಗೆ ಅದು ಖಂಡಿತ ಹಿಡಿಸುತ್ತದೆ.

ಪ್ರಶ್ನೆ: ನಾನು ದುಬೈಯಲ್ಲಿ ಕೆಲಸಕ್ಕಿದ್ದೇನೆ. ಮುಂದಿನ ತಿಂಗಳು ರಜೆಗೆ ಮಂಗಳೂರಿಗೆ ಬರುತ್ತಿದ್ದೇನೆ. ಜೊತೆಗಿರುವ ಗೆಳೆಯ ಇಪ್ಪತ್ತು ‘ಫಸ್ಟ್ ಕಾಪಿ’ ವಾಚುಗಳನ್ನು ಕೊಟ್ಟು, ಊರಿನಲ್ಲಿ ತನ್ನ ಅಣ್ಣನಿಗೆ ತಲುಪಿಸು ಎಂದಿದ್ದಾನೆ. ಎಲ್ಲ ಸೇರಿದರೂ ಬೆಲೆ ಹೆಚ್ಚಿಲ್ಲ, ಯಾರೂ ಕೇಳುವುದಿಲ್ಲ ಎನ್ನುತ್ತಾನೆ. ತರಬಹುದೇ? (ಓದುಗ, ಭಟ್ಕಳ)

ಉತ್ತರ: ಬೇಡ ತಮ್ಮ. ಗೆಳೆಯ ಬೇಸರ ಮಾಡಿಕೊಂಡರೂ ಸರಿ, ಇವತ್ತೇ ವಾಪಸು ಕೊಟ್ಟುಬಿಡಿ.

ನಮ್ಮ ದೇಶದ ಕಾನೂನು ಸಾಮಾನ್ಯ ಪ್ರಯಾಣಿಕನ ವಿಷಯದಲ್ಲಿ ಕಠಿಣವಾಗಿಲ್ಲ. ನಕಲಿ ಮಾಲಿನ ಆಮದನ್ನು ತಡೆಯಲು 2007ರಲ್ಲಿ ಬೌದ್ಧಿಕ ಆಸ್ತಿ ಹಕ್ಕುಗಳ ನಿಯಮಗಳು ಬಂದವು. ಪ್ರಯಾಣಿಕ ಸ್ವಂತ ಬಳಕೆಗೆಂದು ಲಗೇಜಿನಲ್ಲಿ ತಂದ, ವ್ಯಾಪಾರಕ್ಕಲ್ಲದ ವಸ್ತುವಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ ಎಂದು ಅವುಗಳಲ್ಲೇ ಹೇಳಿದೆ. ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ದೇಶಗಳು ಮಾಡಿಕೊಂಡ ಟ್ರಿಪ್ಸ್ ಒಪ್ಪಂದದ 60ನೇ ವಿಧಿಯಲ್ಲಿ ಇಂಥ ಸಣ್ಣಪುಟ್ಟ ವಸ್ತುಗಳನ್ನು ಬಿಡುವ ಸ್ವಾತಂತ್ರ್ಯವನ್ನು ಆಯಾ ದೇಶಕ್ಕೇ ಕೊಟ್ಟಿದ್ದಾರೆ. ಭಾರತ ಬಿಟ್ಟಿತು, ಇಟಲಿ ಮತ್ತು ಫ್ರಾನ್ಸ್ ಬಿಡಲಿಲ್ಲ. ಒಂದೇ ವಾಚು ಒಂದು ದೇಶದಲ್ಲಿ ನಡೆದು ಇನ್ನೊಂದರಲ್ಲಿ ದಂಡಕ್ಕೆ ದಾರಿಯಾಗುವುದು ಇದರಿಂದಲೇ.

ಆದರೆ ಇಪ್ಪತ್ತು ವಾಚು ಸ್ವಂತ ಬಳಕೆಯಾಗುವುದು ಹೇಗೆ? ಇಷ್ಟರವರೆಗೆ ಸ್ವಂತಕ್ಕೆ, ಅದರಾಚೆ ವ್ಯಾಪಾರಕ್ಕೆ ಎಂದು ಕಾನೂನು ಅಂಕಿ ಕೊಟ್ಟಿಲ್ಲ. ಅದನ್ನು ಮೇಜಿನ ಹಿಂದಿರುವ ಅಧಿಕಾರಿ ತೀರ್ಮಾನಿಸುತ್ತಾನೆ. ಅವನು ಏನನ್ನು ನೋಡುತ್ತಾನೆ ಎಂದು ಹೇಳುತ್ತೇನೆ. ಎಕ್ಸ್‌ರೇ ತೆರೆಯ ಮೇಲೆ ವಾಚು ಎದ್ದು ಕಾಣುತ್ತದೆ. ದುಂಡನೆಯ ಲೋಹ, ಅದರ ಎರಡೂ ಕಡೆ ಪಟ್ಟಿಯ ಕೊಂಡಿಗಳ ಸಾಲು. ಪೆಟ್ಟಿಗೆಯ ನಾಲ್ಕು ಮೂಲೆಯಲ್ಲಿ ಚದುರಿಸಿಟ್ಟರೂ ಯಂತ್ರದ ಮುಂದೆ ಕೂತವನಿಗೆ ಅದು ಗೊತ್ತಾಗುತ್ತದೆ. ಪೆಟ್ಟಿಗೆ ಮೇಜಿಗೆ ಬಂದ ಮೇಲೆ ಬಟ್ಟೆಗಳ ನಡುವೆ ಕೈಯಾಡಿಸಿದರೆ ಕಾಲುಚೀಲಗಳು ಭಾರವಾಗಿರುತ್ತವೆ. ಒಂದೊಂದರಲ್ಲೂ ಎರಡು ಮೂರು ವಾಚು. ಪ್ರತಿಯೊಂದರ ಗಾಜಿಗೂ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿರುತ್ತದೆ, ಪಟ್ಟಿಯನ್ನು ಇನ್ನೂ ಬಿಚ್ಚಿರುವುದಿಲ್ಲ. ಹಿಂಬದಿಯ ಮುಚ್ಚಳ ತಿರುಗಿಸಿ ನೋಡಿದರೆ ಎಲ್ಲದರ ಮೇಲೂ ಒಂದೇ ಕ್ರಮಸಂಖ್ಯೆ. ಅಸಲಿಯಾಗಿದ್ದರೆ ಪ್ರತಿ ವಾಚಿಗೂ ಬೇರೆ ಸಂಖ್ಯೆ ಇರಬೇಕು. ಖಾಲಿ ಡಬ್ಬಿಗಳನ್ನು ಮಡಚಿ ಪೆಟ್ಟಿಗೆಯ ತಳದಲ್ಲಿ ಹಾಸಿರುತ್ತಾರೆ. ಇಷ್ಟು ಕಂಡ ಮೇಲೆ ‘ಎಲ್ಲ ಅಳಿಯಂದಿರಿಗೆ, ಬಾವಂದಿರಿಗೆ’ ಎನ್ನುವ ಮಾತನ್ನು ಯಾರು ನಂಬುತ್ತಾರೆ?

ಅಲ್ಲಿಂದ ಮುಂದೆ ನಡೆಯುವುದು ನಿಮ್ಮ ಹೆಸರಿನಲ್ಲೇ. ವ್ಯಾಪಾರದ ಮಾಲು ಕಾನೂನಿನ ಕಣ್ಣಿನಲ್ಲಿ ಪ್ರಯಾಣಿಕನ ಲಗೇಜೇ ಅಲ್ಲ. ಅದನ್ನು ಘೋಷಿಸದೆ, ಸುಂಕದ ಮಾಲು ಏನೂ ಇಲ್ಲದವರಿಗೆಂದು ಇರುವ ಹಸಿರು ದಾರಿಯಲ್ಲಿ (ಗ್ರೀನ್ ಚಾನೆಲ್) ನಡೆದು ಬಂದಿದ್ದೀರಿ ಎಂಬುದು ಬೇರೆಯೇ ತಪ್ಪು. ಮಹಜರು ಬರೆಯುತ್ತಾರೆ, 1962ರ ಸೀಮಾಸುಂಕ ಕಾಯ್ದೆಯ 108ನೇ ಪ್ರಕರಣದಂತೆ ನಿಮ್ಮ ಹೇಳಿಕೆ ಪಡೆಯುತ್ತಾರೆ. ಮಾಲು ಮುಟ್ಟುಗೋಲಾಗುತ್ತದೆ, ನಿಮ್ಮ ಮೇಲೆ ದಂಡ ಬೀಳಬಹುದು. ‘ಇದು ನನ್ನದಲ್ಲ, ಗೆಳೆಯನದು’ ಎಂದು ಹೇಳಿಕೆಯಲ್ಲಿ ಬರೆಸಬಹುದು, ಬರೆಸಿಯೂ ಬರೆಸಬೇಕು. ಆದರೆ ಪೆಟ್ಟಿಗೆಯ ಚೀಟಿ ನಿಮ್ಮ ಟಿಕೆಟಿಗೆ ಅಂಟಿರುತ್ತದೆ. ಅಂಥ ಹೊತ್ತಿನಲ್ಲಿ ಗೆಳೆಯನ ಫೋನು ಸ್ವಿಚ್ ಆಫ್ ಆಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅರಬ್ ನಾಡಿನಲ್ಲಿ ಬೆವರು ಸುರಿಸಿ ಎರಡು ವರ್ಷಕ್ಕೊಮ್ಮೆ ತಾಯಿಯ ಮುಖ ನೋಡಲು ಬರುವ ಹುಡುಗ, ಹೊರಗೆ ಮನೆಯವರು ಕಾಯುತ್ತಿರುವಾಗ ಒಳಗೆ ಇನ್ನೊಬ್ಬನ ಮಾಲಿಗೆ ಲೆಕ್ಕ ಕೊಡುತ್ತಾ ಕೂರುವುದನ್ನು ನೋಡುವುದು ನನ್ನ ವೃತ್ತಿಯಲ್ಲಿ ಅತ್ಯಂತ ನೋವಿನ ಸಂಗತಿಯಾಗಿತ್ತು. ವಾಚಿನ ಡಬ್ಬಿಯೊಳಗೆ ಬರೀ ವಾಚೇ ಇದೆ ಎಂಬ ಭರವಸೆಯಾದರೂ ನಿಮಗೆ ಎಲ್ಲಿಂದ? ಅದರಡಿ ಚಿನ್ನದ ತುಂಡಿದ್ದರೆ ಆ ಕಥೆಯೇ ಬೇರೆ.

ಪ್ರಶ್ನೆ: ನ್ಯೂಜೆರ್ಸಿಯ ಮಗಳ ಮನೆಗೆ ಹೋಗುತ್ತಿದ್ದೇನೆ. ಬೆಂಗಳೂರಿನಲ್ಲಿ ಕೊಂಡ ನಕಲಿ ಬ್ರಾಂಡಿನ ಬೂಟು ಹಾಕಿಕೊಂಡು ಹೋದರೆ ತೊಂದರೆಯೇ? ಮೊಮ್ಮಕ್ಕಳಿಗೂ ಎರಡು ಜೊತೆ ಒಯ್ಯುವ ಆಸೆ. (ಓದುಗರು, ಮೈಸೂರು)

ಉತ್ತರ: ನಿಮ್ಮ ಕಾಲಿನಲ್ಲಿರುವುದಕ್ಕೆ ತೊಂದರೆಯಿಲ್ಲ. ಅಮೆರಿಕದ ಕಾನೂನು ಪ್ರಯಾಣಿಕನಿಗೆ ಒಂದು ಬಗೆಯ ನಕಲಿ ವಸ್ತುವಿನಲ್ಲಿ ಒಂದನ್ನು, ಸ್ವಂತ ಬಳಕೆಗೆ, 30 ದಿನಗಳಿಗೊಮ್ಮೆ ಬಿಡುತ್ತದೆ. ಮೂರು ಚೀಲ ಒಯ್ದರೆ ಮೂರರ ಮೇಲೂ ಬೇರೆ ಬೇರೆ ಕಂಪನಿಯ ಹೆಸರಿದ್ದರೂ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು. ವಸ್ತು ನಿಮ್ಮ ಜೊತೆಯಲ್ಲೇ ಇರಬೇಕು, ಅಂಚೆಯಲ್ಲಿ ಕಳಿಸಿದರೆ ಈ ವಿನಾಯಿತಿ ಸಿಗದು. ಒಂದು ವರ್ಷದೊಳಗೆ ಅದನ್ನು ಮಾರುವಂತಿಲ್ಲ. ಮೊಮ್ಮಕ್ಕಳ ಎರಡು ಜೊತೆ ಬಿಟ್ಟುಬಿಡಿ. ಅದೇ ದುಡ್ಡಿಗೆ ನಮ್ಮಲ್ಲೇ ತಯಾರಾದ, ತನ್ನದೇ ಹೆಸರಿರುವ ಒಳ್ಳೆಯ ಬೂಟು ಸಿಗುತ್ತದೆ.

ಪ್ರಶ್ನೆ: ಬ್ಯಾಂಕಾಕ್‌ಗೆ ಹೋದಾಗ 50,000 ಎಂಎಎಚ್ ಎಂದು ಬರೆದಿರುವ ಪವರ್ ಬ್ಯಾಂಕನ್ನು ಬಹಳ ಅಗ್ಗಕ್ಕೆ ಕೊಂಡೆ. ಹೆಸರಾಂತ ಕಂಪನಿಯ ಮುದ್ರೆಯಿದೆ, ಆದರೆ ಅಸಲಿ ಇರಲಿಕ್ಕಿಲ್ಲ. ಮುಂದಿನ ಪ್ರಯಾಣದಲ್ಲಿ ಒಯ್ಯಬಹುದೇ? (ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಒಯ್ಯಬೇಡಿ. ಇಲ್ಲಿ ದಂಡಕ್ಕಿಂತ ಜೀವದ ಪ್ರಶ್ನೆ ದೊಡ್ಡದು. ಲೆಕ್ಕ ಹಾಕಿ ನೋಡಿ. ಎಂಎಎಚ್ ಎಂದರೆ ಮಿಲಿಆಂಪಿಯರ್-ಅವರ್, ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ. 50,000 ಎಂಎಎಚ್ ಎಂದರೆ 50 ಆಂಪಿಯರ್-ಅವರ್. ಲಿಥಿಯಂ ಕೋಶದ ಒತ್ತಡ 3.7 ವೋಲ್ಟ್. ಗುಣಿಸಿದರೆ 185 ವ್ಯಾಟ್-ಅವರ್, ಅಂದರೆ ಅದರಲ್ಲಿ ತುಂಬಿರುವ ಒಟ್ಟು ಶಕ್ತಿ. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಬಿಡುತ್ತಾರೆ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, 160 ದಾಟಿದ್ದನ್ನು ಪ್ರಯಾಣಿಕ ಒಯ್ಯುವಂತೆಯೇ ಇಲ್ಲ. ಮೇಲೆ ಬರೆದದ್ದು ನಿಜವಾದರೆ ಅದು ನಿಷಿದ್ಧ, ಸುಳ್ಳಾದರೆ ಒಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಕೈಯಲ್ಲಿ ಹಿಡಿದರೆ ಅಷ್ಟು ಭಾರವೂ ಇರುವುದಿಲ್ಲ. ಇಂಥವನ್ನು ಬಿಚ್ಚಿದಾಗ ಹಳೆಯ ಕೋಶಗಳು, ಕೆಲವೊಮ್ಮೆ ಭಾರಕ್ಕೆಂದು ತುಂಬಿದ ಮರಳು ಸಿಕ್ಕಿದ್ದುಂಟು. ಹೆಚ್ಚು ಬಿಸಿಯಾದಾಗ ವಿದ್ಯುತ್ ಕಡಿದುಬಿಡುವ ರಕ್ಷಣಾ ಫಲಕವನ್ನು ಹಣ ಉಳಿಸಲು ಬಿಟ್ಟಿರುತ್ತಾರೆ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನವೊಂದಕ್ಕೆ ಬೆಂಕಿ ಬಿತ್ತು. ತಲೆಯ ಮೇಲಿನ ಲಗೇಜು ಗೂಡಿನಲ್ಲಿದ್ದ ಪವರ್ ಬ್ಯಾಂಕ್ ಕಾರಣವಿರಬಹುದು ಎಂದು ತನಿಖೆಯವರು ಹೇಳಿದರು. ಅದೇ ವರ್ಷ ಜೂನ್ 28ರಿಂದ ಚೀನಾ ತನ್ನ ದೇಶದೊಳಗಿನ ವಿಮಾನಗಳಲ್ಲಿ ‘3ಸಿ’ ಸುರಕ್ಷತಾ ಮುದ್ರೆಯಿಲ್ಲದ ಪವರ್ ಬ್ಯಾಂಕುಗಳನ್ನು ನಿಷೇಧಿಸಿತು. ಅಸಲಿಯಾದರೂ ಅದು ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಎಂದೂ ಇಡಬೇಡಿ.

ಪ್ರಶ್ನೆ: ಕೋಟಿ ಕೋಟಿ ಲಾಭ ಮಾಡುವ ವಿದೇಶಿ ಕಂಪನಿಗಳಿಗಾಗಿ ಬಡ ಪ್ರಯಾಣಿಕನನ್ನು ಏಕೆ ಹೆದರಿಸಬೇಕು? ನಕಲಿ ಚೀಲದಿಂದ ಯಾರಿಗೆ ನಷ್ಟ? (ಓದುಗರು, ತುಮಕೂರು)

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಥವಿದೆ. ಚೀಲವೊಂದರ ಮಟ್ಟಿಗೆ ನಾನೂ ಕಂಪನಿಗಳ ಪರ ಕಣ್ಣೀರು ಹಾಕುವವನಲ್ಲ. ಆದರೆ ಚೀಲ ಬರುವ ದಾರಿಯಲ್ಲೇ ಉಳಿದವೂ ಬರುತ್ತವೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ಔಷಧಗಳಲ್ಲಿ ಸುಮಾರು ಒಂದು ಕಳಪೆ ಇಲ್ಲವೇ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತು. ಅದರ ನಷ್ಟ ಯಾವ ವಿದೇಶಿ ಕಂಪನಿಗೂ ಅಲ್ಲ, ಮಲೇರಿಯಾ ಬಂದ ಮಗುವಿಗೆ.

ನಕಲಿಯವರು ಶ್ರೀಮಂತರ ಹೆಸರನ್ನಷ್ಟೇ ಕದಿಯುತ್ತಾರೆ ಎಂದುಕೊಳ್ಳಬೇಡಿ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಮ್ಮ ಮೈಸೂರು ಸ್ಯಾಂಡಲ್ ಸಾಬೂನಿನ ನಕಲಿ ಜಾಲ ಸಿಕ್ಕಿತು. ಅದು ಕರ್ನಾಟಕ ಸರ್ಕಾರದ ಕಾರ್ಖಾನೆಯ ಸಾಬೂನು, ನೂರು ವರ್ಷ ದಾಟಿದ ಹೆಸರು. ಅದೇ ಬಣ್ಣದ ಡಬ್ಬಿಯನ್ನು ಕೊಂಡವರು ಏನನ್ನು ಮೈಗೆ ಹಚ್ಚಿಕೊಂಡರೋ ಯಾರು ಬಲ್ಲರು? ಮೈಸೂರು ರೇಷ್ಮೆ ಸೀರೆಯ ಹೆಸರಿನಲ್ಲಿ ಪಾಲಿಯೆಸ್ಟರ್ ಮಾರುವಾಗ ಹೊಡೆತ ಬೀಳುವುದು ರಾಮನಗರ, ಟಿ.ನರಸೀಪುರ ಕಡೆಯ ದುಡಿಯುವ ಕೈಗಳಿಗೆ.

ಪ್ರಶ್ನೆ: ಸೋದರಳಿಯ ಕೊಟ್ಟ ಚೀಲವೊಂದಿದೆ. ಅಸಲಿಯೋ ನಕಲಿಯೋ ಗೊತ್ತಿಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗುವಾಗ ಒಯ್ಯಲೇ? (ಗೃಹಿಣಿ, ಉಡುಪಿ)

ಉತ್ತರ: ತಾಯಿ, ಮೊದಲು ಒಳಗಿನ ಹೊಲಿಗೆ ನೋಡಿ. ಹೊರಗಿನದನ್ನು ನಕಲಿಯವರೂ ಚೆನ್ನಾಗಿ ಮಾಡುತ್ತಾರೆ, ಅಸ್ತರಿನ ಮೂಲೆಯಲ್ಲಿ ದಾರ ಜಾರಿರುತ್ತದೆ. ಜಿಪ್ಪಿನ ಹಿಡಿಯನ್ನು ಉಗುರಿನಿಂದ ಕೆರೆದರೆ ಬಣ್ಣ ಏಳುತ್ತದೆಯೇ, ಒಳಗಿನ ಚೀಟಿಯಲ್ಲಿ ಅಕ್ಷರ ತಪ್ಪಿದೆಯೇ, ಚರ್ಮದ ಬದಲು ಅಂಟಿನ ವಾಸನೆ ಬರುತ್ತದೆಯೇ ಪರೀಕ್ಷಿಸಿ. ಆದರೂ ಖಚಿತವಾಗಿ ಹೇಳುವುದು ರಸೀದಿಯೊಂದೇ. ಸೋದರಳಿಯನನ್ನು ಕೇಳಿ ರಸೀದಿಯ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಸ್ವಿಟ್ಜರ್ಲೆಂಡಿನಲ್ಲಿ 2008ರ ಜುಲೈ 1ರಿಂದ ಖಾಸಗಿ ಪ್ರಯಾಣಿಕರ ನಕಲಿ ವಸ್ತುವನ್ನೂ ಕಿತ್ತುಕೊಂಡು ನಾಶ ಮಾಡಲು ಅವಕಾಶವಿದೆ. ಸ್ವಂತಕ್ಕೆ ತಂದವರಿಗೆ ಶಿಕ್ಷೆಯಿಲ್ಲ, ಚೀಲವಷ್ಟೇ ಹೋಗುತ್ತದೆ. ರಸೀದಿ ಸಿಗದಿದ್ದರೆ ಆ ಚೀಲವನ್ನು ಉಡುಪಿಯಲ್ಲೇ ಬಿಟ್ಟು ಬೇರೊಂದನ್ನು ಹಿಡಿದು ಹೊರಡಿ.